ಹಲಗೆಯ ಏಟಿಗೆ ಬೀಳುತ್ತಿದ್ದ ಭರಮಪ್ಪ

ಬಹಳ ಹಿಂದೆ, ನನ್ನ ಅಜ್ಜನ ಅಜ್ಜನಿಗೆ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಹೊಳೆದಂಡೆಯ ಈ ನಮ್ಮ ಕಲ್ಲಗಡ್ಡಿಯಲ್ಲಿ ಭರಮಪ್ಪ ಎಂಬ ಪೈಲ್ವಾನನಿದ್ದನಂತೆ. ಬೆಳಿಗ್ಗೆ ಒಂದು ಬುಟ್ಟಿ ರೊಟ್ಟಿ ತಿನ್ನುತ್ತಿದ್ದನಂತೆ. ಎರಡು ಬುಟ್ಟಿ ಅನ್ನುವವರೂ ಇದ್ದಾರೆ. ನಾನು ನೋಡಿಲ್ಲ, ಒಂದೇ ಎಂದು ಇಟ್ಟುಕೊಳ್ಳಿ. ಯಾವ ಅಖಾಡದಲ್ಲೂ ಅವನ ಬೆನ್ನಿಗೆ ಮಣ್ಣು ಹತ್ತಿರಲಿಲ್ಲವಂತೆ. ಈ ಮನುಷ್ಯ ಮಲಗುವಾಗಲೂ ಬೋರಲು ಮಲಗುತ್ತಾನೆ ಎಂದು ಹೆಂಡತಿ ಗುರವ್ವ ನೀರಿಗೆ ಬಂದ ಹೆಂಗಸರ ಮುಂದೆ ದೂರುತ್ತಿದ್ದಳಂತೆ.

ಆಗ ಹೊಳೆಯಾಚೆ ಇಬ್ಬರು ಅರಸರು ಒಂದು ಆನೆಗಾಗಿ ಯುದ್ಧ ಹೂಡಿದರಂತೆ. ಯುದ್ಧ ಮುಗಿಯುವ ಹೊತ್ತಿಗೆ ಆನೆ ಮುಪ್ಪಾಗಿ ಸತ್ತೇ ಹೋಗಿತ್ತಂತೆ. ಕೋಣಗಳೆರಡು ಕಾದಿದರೆ ಗಿಡಕ್ಕೆ ಸಾವು ಅನ್ನುತ್ತಾರಲ್ಲ, ಹಾಗೆ ಆಚೆ ದಂಡೆಯ ಊರೆಲ್ಲ ಸುಟ್ಟುಹೋಯಿತು. ಹನ್ನೊಂದು ಮಕ್ಕಳು ಮಾತ್ರ ಹರಿಗೋಲಿನಲ್ಲಿ ಈ ದಂಡೆಗೆ ಬಂದವು. ಊರಲ್ಲಿ ಖಾಲಿ ಇದ್ದ ದೊಡ್ಡ ಜಾಗವೆಂದರೆ ಗರಡಿಮನೆ. ಮಕ್ಕಳನ್ನು ಅಲ್ಲೇ ಇಟ್ಟರು. ನೋಡಿಕೊಳ್ಳುವ ಕೆಲಸ ಭರಮಪ್ಪ, ಗುರವ್ವನ ಪಾಲಿಗೆ ಬಂತು. ಅವರಿಗೆ ಮಕ್ಕಳಿರಲಿಲ್ಲ.

ಮಕ್ಕಳು ಉಣ್ಣುತ್ತಿದ್ದವು, ಮಲಗುತ್ತಿದ್ದವು. ಆಡುತ್ತಿರಲಿಲ್ಲ. ಆಡದ ಮಗುವನ್ನು ನೋಡುವುದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು. ಸಂಜೆ ತಾಲೀಮಿಗೆಂದು ಗರಡಿಯ ವಾದ್ಯದವನು ದ್ಯಾಮಣ್ಣ ತನ್ನ ಚರ್ಮದ ಹಲಗೆ ಬಾರಿಸಿದನೋ, ಹನ್ನೊಂದೂ ಮಾಯ. ದಂಡು ಬಂದಾಗಲೂ ಹೀಗೇ ಹಲಗೆ ಬಡಿದುಕೊಂಡು ಬಂದಿತ್ತಂತೆ. ಒಂದು ಕಂಬದ ಹಿಂದೆ, ಒಂದು ಕಟ್ಟಿಗೆ ಒಟ್ಟಿಲ ಸಂದಿಯಲ್ಲಿ. ಏಳು ವರ್ಷದ ಸಂಕವ್ವ ಮಾತ್ರ ಅಂಗಳದ ಹಗೇವಿನಲ್ಲಿ. ಹಗೇವು ಅಂದರೆ ಗೊತ್ತಲ್ಲ, ಜೋಳ ತುಂಬಿಡುವ ನೆಲದೊಳಗಿನ ಕುಣಿ. ಆ ಖಾಲಿ ಹಗೇವಿಗೆ ಇಳಿದಳೆಂದರೆ ಊಟಕ್ಕೂ ಮೇಲೆ ಬರುತ್ತಿರಲಿಲ್ಲ. ದಂಡು ಬಂದ ದಿನ ಅವಳವ್ವ ಅವಳನ್ನು ಹಗೇವಿಗೆ ಇಳಿಸಿ, ನಾ ಕರೆಯುವ ತನಕ ಮೇಲೆ ಬರಬೇಡ ಅಂದಿದ್ದಳಂತೆ. ಕರೆಯುವವಳು ಬರಲಿಲ್ಲ.

ಭರಮಪ್ಪ ಬೆಲ್ಲ ಕೊಟ್ಟು ನೋಡಿದ, ತಾಯಿತ ಕಟ್ಟಿಸಿ ನೋಡಿದ. ಹೆದರಬೇಡಿ ಎಂದು ಗದರಿಸಿ ಹೇಳಿದ. ಅವನ ದನಿಗೆ ಮಕ್ಕಳು ಇನ್ನಷ್ಟು ಹೆದರಿದವು.

ಒಂದು ದಿನ ಅವನು ಅಂಗಳದ ಅಖಾಡದಲ್ಲಿ ಗುಂಡುಕಲ್ಲು ಎತ್ತುತ್ತಿದ್ದ. ಗುರವ್ವ ಆಗತಾನೇ ಮಣ್ಣಿಗೆ ಮಜ್ಜಿಗೆ, ಎಣ್ಣೆ ಸುರಿದು ಹೋಗಿದ್ದಳು. ಗರಡಿಯ ಮಣ್ಣನ್ನು ಹಾಗೆ ಹದ ಮಾಡಬೇಕು, ಆದರೆ ಕಲಸಲು ಮರೆತಿದ್ದಳು. ಭರಮಪ್ಪನ ಕಾಲು ಜಾರಿತು. ಕಲ್ಲು ಒಂದು ಕಡೆ, ಪೈಲ್ವಾನ ಒಂದು ಕಡೆ, ಧೊಪ್ಪೆಂದು ಅಂಗಾತ ಬಿದ್ದ. ಬಿದ್ದ ಸಪ್ಪಳಕ್ಕೆ ಓಣಿಯ ನಾಯಿಗಳೆಲ್ಲ ಬೊಗಳಿದವಂತೆ. ಆಗ ಹಗೇವಿನ ಬಾಯಲ್ಲಿ ಒಂದು ತಲೆ ಮೇಲೆ ಬಂತು. ಕಿಸಕ್ಕನೆ ನಕ್ಕಿತು, ಮತ್ತೆ ಒಳಗೆ ಹೋಯಿತು.

ಭರಮಪ್ಪ ಮೇಲೇಳಲೇ ಇಲ್ಲವಂತೆ. ಆಕಾಶ ನೋಡುತ್ತ ಬಿದ್ದುಕೊಂಡೇ ಯೋಚಿಸಿದನಂತೆ.

ಮರುದಿನದಿಂದ ಬೀಳುವುದನ್ನು ಕಲಿಯತೊಡಗಿದ. ಸುಲಭ ಅಂದುಕೊಂಡಿರಾ? ಇಪ್ಪತ್ತು ವರ್ಷ ಬೀಳದಿರಲು ಕಲಿತ ಮೈ ಅದು, ಬೀಳು ಅಂದರೆ ಬಿದ್ದೀತೇ? ಮೊದಲು ಹುಲ್ಲಿನ ಮೇಲೆ ಬಿದ್ದ, ಆಮೇಲೆ ತಿಪ್ಪೆಯ ಮೇಲೆ. ಲಾಗ ಹಾಕಿ ಮೂತಿ ಊರಿ ಬಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಎಲ್ಲ ಊರಿಗೂ ಸಲ್ಲುತ್ತದೆ, ನಮ್ಮೂರಿಗೆ ಸಲ್ಲುವುದಿಲ್ಲ. ಭರಮಪ್ಪನ ಮೀಸೆ ದಿನಾ ಮಣ್ಣಾಗುತ್ತಿತ್ತು, ಗುರವ್ವ ದಿನಾ ಅದನ್ನು ಸೀಗೆಕಾಯಿ ಹಾಕಿ ತೊಳೆಯುತ್ತಿದ್ದಳು.

ಆಮೇಲೆ ದ್ಯಾಮಣ್ಣನ ಹಲಗೆ ತಂದು ಮಕ್ಕಳ ನಡುವೆ ಇಟ್ಟ. ನೀವು ಒಂದು ಏಟು ಹಾಕಿದರೆ ನಾನು ಬೀಳುತ್ತೇನೆ, ಹಾಕದಿದ್ದರೆ ನಿಂತೇ ಇರುತ್ತೇನೆ ಎಂದ. ಎರಡು ದಿನ ನಿಂತೇ ಇದ್ದ. ಮೂರನೆಯ ದಿನ ಒಂದು ಮಗು ಹಲಗೆಗೆ ಬೆರಳು ಮುಟ್ಟಿಸಿತು, ಗುಡ್ಡದಂಥ ಮನುಷ್ಯ ಉರುಳಿದ. ವಾರದೊಳಗೆ ಹತ್ತು ಮಕ್ಕಳೂ ಹಲಗೆ ಬಾರಿಸಿ ಅವನನ್ನು ಕೆಡವಿ, ಎದೆಯ ಮೇಲೆ ಹತ್ತಿ ಕುಣಿಯುತ್ತಿದ್ದವು. ಬಾರಿಸಿ ಬಾರಿಸಿ ಅವುಗಳ ಕೈಗೆ ತಾಳವೇ ಬಂದುಬಿಟ್ಟಿತಂತೆ. ಸಂಕವ್ವ ಮಾತ್ರ ಹಗೇವಿನಿಂದ ಕಣ್ಣಷ್ಟೇ ಹೊರಗಿಟ್ಟು ನೋಡುತ್ತಿದ್ದಳು. ಹಲಗೆ ಮುಟ್ಟಲಿಲ್ಲ.

ಅಷ್ಟರಲ್ಲಿ ಕಾರಹುಣ್ಣಿಮೆಯ ಕುಸ್ತಿ ಬಂತು. ಮೇಲ್ಸೀಮೆಯಿಂದ ಇಮಾಮಸಾಬ ಪೈಲ್ವಾನ ಬಂದ. ಅವನೂ ಸೋಲು ಕಂಡವನಲ್ಲ. ಗೆದ್ದವರಿಗೆ ತೋಳಿಗೆ ತೊಡಿಸುವ ಬೆಳ್ಳಿಯ ಕಡೆಯ ಮರ್ಯಾದೆ. ನಮ್ಮೂರ ಗೌಡರು, ಆ ಕಡೆ ಊರು ಬಿಟ್ಟು ಹೋದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಹತ್ತೂರಿಗೆ ಸಾರಿಬಿಟ್ಟಿದ್ದರು. ಗರಡಿಯ ಅಂಗಳ ಕಿಕ್ಕಿರಿಯಿತು. ಎಂಟು ಹಲಗೆಗಳು ಒಟ್ಟಿಗೆ ಮೊಳಗಿದವು. ಹತ್ತು ಮಕ್ಕಳು ಕಿವಿ ಮುಚ್ಚಿಕೊಂಡರೂ ಓಡದೆ ನಿಂತವು. ಸಂಕವ್ವ ಹಗೇವಿನ ತಳಕ್ಕೆ ಇಳಿದು ಅವ್ವನನ್ನು ಕರೆದು ಅಳತೊಡಗಿದಳು.

ಭರಮಪ್ಪ ಆಗ ಇಮಾಮಸಾಬನನ್ನು ಹೆಗಲಿಗೆ ಎತ್ತಿಕೊಂಡಿದ್ದನಂತೆ. ಕೆಡವುವುದೊಂದು ಬಾಕಿ. ಅಳು ಕಿವಿಗೆ ಬಿತ್ತು. ಜೋಳದ ಚೀಲ ಇಳಿಸುವಂತೆ ಅವನನ್ನು ಮೆಲ್ಲಗೆ ಇಳಿಸಿ, ಸ್ವಲ್ಪ ಇರು ತಮ್ಮಾ ಎಂದು ಹೇಳಿ, ದ್ಯಾಮಣ್ಣನ ಹಲಗೆ ಇಸಿದುಕೊಂಡು ಹಗೇವಿನ ಬಾಯಿಗೆ ಹೋಗಿ ಕೂತ. ಉಳಿದ ಹಲಗೆಗಳು ನಿಂತವು. ಹಲಗೆಯನ್ನು ಒಳಗೆ ಇಳಿಸಿದ.

"ನೀ ಬಾರ್ಸವ್ವ, ನಾ ಬೀಳ್ತೀನಿ," ಅಂದ.

ಒಳಗೆ ಅಳು ನಿಂತಿತು. ಆಮೇಲೆ ಸಣ್ಣ ದನಿ ಬಂತು. "ಇಷ್ಟ್ ಮಂದಿ ಮುಂದ? ಖರೇನಾ?"

"ಖರೇ," ಅಂದ ಭರಮಪ್ಪ, ಎದ್ದು ಅಖಾಡಕ್ಕೆ ಹೋಗಿ ನಿಂತ.

ಗೌಡರು ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಲೇ ಇದ್ದರಂತೆ, ಒಂದು ಕೈ ಮೀಸೆಯ ಮೇಲೆಯೇ ಇತ್ತಂತೆ. ಹಗೇವಿನೊಳಗೆ ಕೋಳಿ ಕುಟುಕಿದಷ್ಟು ಮೆಲ್ಲಗೆ ಒಂದು ಏಟು ಬಿತ್ತು. ಭರಮಪ್ಪ ಹತ್ತೂರಿನ ಎದುರು, ಅಖಾಡದ ನಟ್ಟನಡುವೆ, ಅಂಗಾತ ಬಿದ್ದ. ಇನ್ನೊಂದು ಏಟು. ಎದ್ದು ಮತ್ತೆ ಬಿದ್ದ. ಒಳಗಿನಿಂದ ಸರಿಯಾಗಿ ಕಾಣಿಸದೆ ಸಂಕವ್ವ ಹಲಗೆ ಬಗಲಿಗೆ ಏರಿಸಿ ಮೇಲಕ್ಕೇ ಹತ್ತಿ ಬಂದಳು. ಇಪ್ಪತ್ತೊಂದು ಸಲ ಬೀಳಿಸಿದಳು ಅನ್ನುತ್ತಾರೆ. ಕೊನೆಗೆ ಇಮಾಮಸಾಬನತ್ತ ತಿರುಗಿ ಒಂದು ಏಟು ಹಾಕಿದಳು. ಬಂದ ಊರಿನ ರೀತಿ ಹೀಗೇ ಇರಬೇಕು ಎಂದುಕೊಂಡು ಪಾಪ, ಅವನೂ ಬಿದ್ದ.

ಇಮಾಮಸಾಬ ಬೆಳ್ಳಿಯ ಕಡೆಯನ್ನು ಮುಟ್ಟಲಿಲ್ಲವಂತೆ. ಇಬ್ಬರನ್ನೂ ಕೆಡವಿದವಳು ಅಲ್ಲಿದ್ದಾಳೆ, ಅವಳಿಗೇ ಕೊಡಿ ಎಂದನಂತೆ. ಕಡೆ ಸಂಕವ್ವನ ತೋಳಲ್ಲಿ ನಿಲ್ಲದೆ ಭುಜ ದಾಟಿ ಹೋಯಿತಂತೆ. ಕಡೆ ಊರಲ್ಲೇ ಉಳಿಯಿತು, ಗೌಡರ ಮೀಸೆಯೂ ಉಳಿಯಿತು. ಅವಳು ಮತ್ತೆ ಹಗೇವಿಗೆ ಇಳಿಯಲಿಲ್ಲ. ಆ ವರ್ಷದ ಜೋಳ ಅದರಲ್ಲೇ ತುಂಬಿದರು.

ಇಂದಿಗೂ ನಮ್ಮ ಗರಡಿಯಲ್ಲಿ ಮೊದಲ ಜೋಡಿ ಕುಸ್ತಿಗೆ ಇಳಿಯುವ ಮುಂಚೆ ಊರಿನ ಅತಿ ಚಿಕ್ಕ ಮಗುವಿನ ಕೈಯಲ್ಲಿ ಹಲಗೆ ಬಾರಿಸಿಸುತ್ತಾರೆ, ಅತಿ ದೊಡ್ಡ ಪೈಲ್ವಾನ ಬೀಳಬೇಕು. ಮನೆಗಳಲ್ಲೂ ಅಷ್ಟೇ. ಮಗು ಹೆದರಿದರೆ ಹೆದರಬೇಡ ಎಂದು ನಾವು ಯಾರೂ ಹೇಳುವುದಿಲ್ಲ. ಮೊನ್ನೆ ಗುಡುಗಿಗೆ ಮರಿಮೊಮ್ಮಗಳು ಮಂಚದ ಕೆಳಗೆ ಸೇರಿದಳು. ನನಗೆ ಎಂಬತ್ತು ದಾಟಿದೆ, ಸೊಂಟ ನೆಟ್ಟಗಿಲ್ಲ. ಆದರೂ ಅವಳ ಕೈಗೆ ಒಂದು ತಾಟು, ಸೌಟು ಕೊಟ್ಟೆ. ಬಾರಿಸಿದಳು, ಬಿದ್ದೆ. ನನ್ನನ್ನು ಎಬ್ಬಿಸಲು ಇಬ್ಬರು ಬೇಕಾದರು. ಪೂರಾ ಏಳುವ ಮೊದಲೇ ಅವಳು ಮಂಚದ ಕೆಳಗಿಂದ ಹೊರಗೆ ಬಂದು, ಮತ್ತೊಂದು ಏಟಿಗೆ ಸೌಟು ಎತ್ತಿದ್ದಳು.