ಪ್ಲಗ್ ವೈರಿನ ತುದಿ

ಕುಂಬಾರ ಬೀದಿಯಲ್ಲಿ ಡೆಂಗಿ ಜ್ವರಕ್ಕೆ ಮೂರು ಮಕ್ಕಳು ಸತ್ತಿದ್ದವು. ಸೊಳ್ಳೆಗೆ ಹೊಗೆ ಹಾಕುವ ಪುರಸಭೆಯ ಯಂತ್ರ ಮಾತ್ರ ಕೆಟ್ಟು ಕೂತಿತ್ತು. ಮೆಕಾನಿಕ್ ಅದರ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಮಸಿ ಕೆರೆದು ಸರಿ ಮಾಡಿದ. ಅಷ್ಟರಲ್ಲಿ ಆರೋಗ್ಯಾಧಿಕಾರಿ ರುದ್ರಪ್ರಸಾದ್ ಬಂದರು. ಅವರಿಗೆ ತಮ್ಮ ಭಾವಮೈದುನನ ಅಂಗಡಿಯಿಂದ ಹೊಸ ಯಂತ್ರ ತರಿಸಬೇಕಿತ್ತು, ಅದೂ ಮುಂದಿನ ತಿಂಗಳು.

"ಇದರಲ್ಲಿ ಸ್ಪಾರ್ಕೇ ಬರಲ್ಲ, ಗುಜರಿಗೆ ಹಾಕಬೇಕು ಅಂತ ಬರೆದುಕೊಡು!" ಎಂದು ಎಲ್ಲರೆದುರು ಗದರಿದರು.

"ಬರೀತೀನಿ ಸಾರ್. ಆದರೆ ನಮ್ಮ ಕಸುಬಲ್ಲಿ ಸ್ಪಾರ್ಕ್ ಇಲ್ಲ ಅನ್ನೋದನ್ನ ಕೈಯಲ್ಲಿ ಹಿಡಿದೇ ನೋಡೋದು. ಈ ಪ್ಲಗ್ ವೈರಿನ ತುದಿ ನೀವು ಹಿಡ್ಕೊಳ್ಳಿ, ನಾನು ಎಂಜಿನ್ ಸ್ಟಾರ್ಟ್ ಮಾಡೋ ಹಗ್ಗ ಎಳೀತೀನಿ."

ಸಾಹೇಬರ ಕೈ ಅರ್ಧ ದಾರಿ ಬಂದು, ವಾಪಸ್ ಪ್ಯಾಂಟಿನ ಜೇಬು ಸೇರಿತು.

"ಸ್ಪಾರ್ಕೇ ಇಲ್ಲ ಅಂದಮೇಲೆ ಶಾಕ್ ಹೊಡೆಯುತ್ತಾ ಸಾರ್?"

ಸುತ್ತ ನಿಂತ ಪೌರಕಾರ್ಮಿಕರು ನಗಲಿಲ್ಲ. ಆ ಜೇಬನ್ನೇ ನೋಡುತ್ತ ನಿಂತರು.

"ತಗೊಂಡು ಹೋಗಿ ಹೊಗೆ ಹಾಕ್ರಯ್ಯ," ಎಂದು ಸಾಹೇಬರು ಜೀಪು ಹತ್ತಿದರು.

ಸಂಜೆ ಮೆಕಾನಿಕ್ಕೇ ಯಂತ್ರ ಹೊತ್ತು ಕುಂಬಾರ ಬೀದಿಗೆ ನಡೆದ. ಮೊದಲು ಹೊಗೆ ಹಾಕಿದ್ದು ತನ್ನ ಮನೆಗೆ. ಅಲ್ಲಿ ತೊಟ್ಟಿಲು ಬಿಚ್ಚಿಟ್ಟು ನಾಲ್ಕು ದಿನವಾಗಿತ್ತು.