ಕಾಲುವೆ ನೀರಿನ ಜೊತಿ ಹೋದ ಯೂರಿಯಾ

ಚೀಲ ಬಿಚ್ಚಿದ್ದೇ ತಡ, ಯೂರಿಯಾ ಮಾವ ಇದ್ದಷ್ಟೂ ಒಮ್ಮೆಲೇ ಹೊಲಕ್ಕ ಧುಮುಕಿಬಿಟ್ಟ! "ಮಾವಾ, ನನ್ನ ಬೇರಿನ್ನೂ ಎಳೇವು, ತುಸು ತುಸು ಬಾ" ಅಂತ ಮೆಕ್ಕೆಜೋಳದ ಸಸಿ ಬೇಡಿಕೊಂಡಿತು. "ತುಸು ತುಸು ಬರಾಕ ನಾನೇನು ಉಪ್ಪಿನಕಾಯಿನ?" ಅಂತ ಮಾವ ನಕ್ಕ. ಅಷ್ಟರಾಗ ಕಾಲುವೆ ನೀರು ಹೊಲದ ತುಂಬ ನುಗ್ಗಿ, "ಬಾರೋ ದೋಸ್ತ, ಊರು ತೋರಸ್ತೀನಿ" ಅಂತು. ಮಾವ ಖುಷಿಗೆ ಕರಗಿ, ಬೇರು ದಾಟಿ, ಸೀದಾ ಹೊಲದ ಹೆಚ್ಚಿನ ನೀರು ಹರಿದುಹೋಗೋ ಬಸಿಗಾಲುವೆಗೆ ಬಿದ್ದ!

ಅಲ್ಲಿ ಜೊಂಡುಹುಲ್ಲು ಅವನನ್ನ ಉಂಡುಂಡು ಆಳೆತ್ತರ ಬೆಳೀತು. "ಮಾವಾ, ನೀನ ನಮ್ಮ ಅನ್ನದಾತ!" ಅಂತ ಕುಣೀತು. ಆ ಹೊಗಳಿಕಿ ಮಾವಗ ಮುಳ್ಳಿನಂಗ ಚುಚ್ಚಿತು. ತೆನಿ ಕಟ್ಟೋ ಹೊತ್ತಿಗೆ, ಹಳದಿ ಬಿದ್ದ ಮೆಕ್ಕೆಜೋಳ ಹೊಲದಿಂದ ಕೂಗಿತು: "ಮಾವಾ, ಹಸಿವಾಗೇತಿ, ಎಲ್ಲಿದ್ದಿ?"

"ಕರ್ಯಾಕತ್ತಾರಲ್ಲ, ಓ ಅನ್ನು ಮಾವಾ" ಅಂತ ಜೊಂಡು ತಿವೀತು.

ಮಾವ ಜೊಂಡಿನ ಬುಡದ ಕೆಸರಾಗ ಮುಖ ಮುಚ್ಚಿಕೊಂಡ.