ಗಾಳಿ ಪೈಪಿನಲ್ಲಿ ಸಿಕ್ಕ ಹಸಿರು ನೀರು

ಹಳೇ ಜೀಪೊಂದರಲ್ಲಿ ಗಾಳಿಯನ್ನಷ್ಟೇ ಎಳೆಯಬೇಕಾದ ವ್ಯಾಕ್ಯೂಮ್ ಪೈಪಿನ ಹೊಟ್ಟೆಯಲ್ಲಿ ಒಂದು ದಿನ ಎಂಜಿನ್ ತಂಪಾಗಿಡುವ ಹಸಿರು ನೀರು, ಕೂಲಂಟ್, ಸಿಕ್ಕಿತು.

"ಕಳ್ಳ! ನನ್ನ ನೀರು ಕುಡಿದಿದ್ದಾನೆ, ಕಿತ್ತು ಬಿಸಾಡಿ!" ಎಂದು ರೇಡಿಯೇಟರ್ ಕುದಿಯಿತು.

"ಇವನು ಇಂಥವನೇ ಅಂತ ನಾನು ಆಗಲೇ ಹೇಳಿರಲಿಲ್ಲವೇ?" ಒಂದು ಬದಿಗೆ ನೀರಿನ ಕೊಳವೆ, ಇನ್ನೊಂದು ಬದಿಗೆ ಈ ಗಾಳಿ ಪೈಪು ಸಿಕ್ಕಿಸಿಕೊಂಡು ಕೂತಿದ್ದ ಹೀಟರ್ ವಾಲ್ವ್ ಒಗ್ಗರಣೆ ಹಾಕಿತು.

ಪೈಪು ಎಂಜಿನ್ ಕಡೆ ತಿರುಗಿತು. "ಎಂಜಿನ್ ಯಜಮಾನರೇ, ಆಮೇಲೆ ಬಿಸಾಡುವಿರಂತೆ. ಮೊದಲು ನನ್ನನ್ನು ಊದಿ ಒಣಗಿಸಿ, ಈ ವಾಲ್ವಣ್ಣನಿಂದ ಬಿಡಿಸಿ, ಒಂದು ಸುತ್ತು ಓಡಿ ನೋಡಿ."

ಎಂಜಿನ್ ಒಪ್ಪಿ ಓಡಿತು. ಪೈಪು ಒಣಗಿಯೇ ಇತ್ತು. ಹಸಿರು ನೀರು ತೊಟ್ಟಿಕ್ಕುತ್ತಿದ್ದದ್ದು ಪೈಪು ಬಿಡಿಸಿದ್ದ ವಾಲ್ವಿನ ಬಾಯಿಂದ.

"ನೀರು ಗಾಳಿಯ ಕಡೆ ಬಾರದಂತೆ ತಡೆಯುವ ನನ್ನ ಒಳಗಿನ ಪೊರೆ ಹರಿದಿತ್ತು. ಹೇಳಿದರೆ ನನ್ನನ್ನೇ ಬಿಸಾಡುತ್ತೀರೇನೋ ಅಂತ..." ವಾಲ್ವ್ ತಡವರಿಸಿತು.

ಪೈಪು ನಿರಾಳವಾಗಿ ನಕ್ಕಿತು. "ಪೊರೆ ಬದಲಾಯಿಸಿದರೆ ಸಾಕಿತ್ತಲ್ಲಣ್ಣಾ. ನನ್ನನ್ನು ಬದಲಾಯಿಸಿದ್ದರೆ, ಬಂದ ಹೊಸಬನೂ ಕಳ್ಳನಾಗುತ್ತಿದ್ದ!"